ಹೊಗೆಯಿಲ್ಲದ ಸೀಮೆಯ ಲೆಕ್ಕ

ಉರುಕುಂದಕ್ಕೆ ಹೆಸರು ಬಂದದ್ದು ಈರಣ್ಣಸ್ವಾಮಿಯಿಂದ. ಶ್ರಾವಣ ಬಂತೆಂದರೆ ರಾಯಚೂರು, ಸಿರುಗುಪ್ಪ, ಬಳ್ಳಾರಿ ಕಡೆಯ ಬಸ್ಸುಗಳು ಸಾಲುಗಟ್ಟುತ್ತವೆ. ಉಳಿದ ಹನ್ನೊಂದು ತಿಂಗಳು ಆಂಧ್ರದ ಕರ್ನೂಲು ಜಿಲ್ಲೆಯ ಕೌತಾಳಂ ಮಂಡಲದ ಈ ಊರನ್ನು ಹೊರಗಿನವರು ಅಷ್ಟಾಗಿ ಕೇಳುವುದಿಲ್ಲ. ಆದರೆ ಕಾರ್ಖಾನೆಯ ಹೊಗೆಗೂ ಊರಿನ ದುಡ್ಡಿಗೂ ಏನು ನಂಟು ಎಂದು ತಿಳಿಯಬೇಕೆನ್ನುವವರು ಇಲ್ಲಿಗೆ ಯಾವ ತಿಂಗಳಲ್ಲಿ ಬಂದರೂ ನಡೆಯುತ್ತದೆ.

ಯಾಕೆಂದರೆ ನಾವಿರುವ ಜಾಗ ಹಾಗಿದೆ. ಬಡಗಣಕ್ಕೆ ರಾಯಚೂರು ದಾಟಿದರೆ ಕೃಷ್ಣೆಯ ದಂಡೆಯ ಮೇಲೆ ಶಕ್ತಿನಗರ. 1985ರಿಂದ ಕಲ್ಲಿದ್ದಲು ಸುಟ್ಟು ಕರ್ನಾಟಕಕ್ಕೆ ಕರೆಂಟು ಕೊಡುತ್ತಿರುವ, 1720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಅಲ್ಲಿದೆ. ಅದರ ಹತ್ತಿರವೇ ಯರಮರಸ್‌ನಲ್ಲಿ ಇನ್ನೂ 1600 ಮೆಗಾವಾಟ್. ನೈಋತ್ಯಕ್ಕೆ ಬಳ್ಳಾರಿ ದಾಟಿದರೆ ಕುಡಿತಿನಿಯಲ್ಲಿ 1700 ಮೆಗಾವಾಟ್, ಅದರಾಚೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಮೂಡಣಕ್ಕೆ ಓರ್ವಕಲ್ಲು ಕಡೆ ಸಾವಿರ ಮೆಗಾವಾಟ್‌ನ ಕರ್ನೂಲು ಸೋಲಾರ್ ಪಾರ್ಕು. ಈ ಎಲ್ಲದರ ನಡುವೆ ಆದೋನಿ, ಕೌತಾಳಂ, ಕೋಸಿಗಿ, ಮಂತ್ರಾಲಯ, ಆಲೂರು. ಇಲ್ಲಿ ದೊಡ್ಡ ಚಿಮಣಿ ಎಂಬುದಿಲ್ಲ. ದೊಡ್ಡ ಸಂಬಳ ಎಂಬುದೂ ಇಲ್ಲ.

ನಾನು ಆದೋನಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ಲೆಕ್ಕ ಬರೆದು ಬದುಕಿದವನು. ನನಗೆ ವಾತಾವರಣ ವಿಜ್ಞಾನ ಗೊತ್ತಿಲ್ಲ, ಕರೆಂಟ್ ಬಿಲ್ಲು ಗೊತ್ತು. ಈ ಬರಹದಲ್ಲಿ ಅದನ್ನೇ ಹಿಡಿದುಕೊಂಡು ಹೋಗುತ್ತೇನೆ.

ರೈತ ಹತ್ತಿ ತರುತ್ತಾನೆ, ಯಾರ್ಡಿನಲ್ಲಿ ಟೆಂಡರ್ ಆಗುತ್ತದೆ, ಮಾಲು ಮಿಲ್ಲಿಗೆ ಬರುತ್ತದೆ. ಚರ್ಮದ ರೋಲರು ಎಳೆ ಹಿಡಿದೆಳೆಯುತ್ತದೆ, ಪಟ್ಟಿ ಕಾಳನ್ನು ಬಡಿದು ಕೆಳಗೆ ಕೆಡವುತ್ತದೆ. ಒಂದು ಕ್ವಿಂಟಲ್ ಹತ್ತಿಯಲ್ಲಿ 33–34 ಕಿಲೋ ಅರಳೆ ಇಳಿದರೆ ಒಳ್ಳೆಯ ಮಾಲು. ಮಿಕ್ಕದ್ದು ಕಾಳು. ಅದು ಎಣ್ಣೆ ಮಿಲ್ಲಿಗೆ ಹೋಗುತ್ತದೆ, ಹಿಂಡಿ ದನಕ್ಕೆ ಹೋಗುತ್ತದೆ. ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ, ಬಿಗಿದು, 170 ಕಿಲೋದ ಬೇಲು ಕಟ್ಟುತ್ತಾರೆ. ಒಂದು ಬೇಲಿಗೆ ಜಿನ್ನು, ಬ್ಲೋಯರು, ಪ್ರೆಸ್ಸು ಎಲ್ಲಾ ಸೇರಿ 50 ಯೂನಿಟ್ಟಿನ ಆಚೀಚೆ ಕರೆಂಟು ಬೇಕು. ಮಿಷನ್ನು ಹಳೆಯದಾದರೆ ಇನ್ನಷ್ಟು.

ನಮ್ಮ ದೇಶದ ಗ್ರಿಡ್ಡಿನಿಂದ ಬರುವ ಪ್ರತಿ ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಬರೀ ಕಲ್ಲಿದ್ದಲಿನ ಕರೆಂಟಾದರೆ ಒಂದು ಕಿಲೋದ ಹತ್ತಿರ. ಸರಾಸರಿಯನ್ನೇ ಹಿಡಿದರೆ ಒಂದು ಬೇಲಿಗೆ 35 ಕಿಲೋ. ಖಂಡಿಗೆ, ಅಂದರೆ ಸುಮಾರು 356 ಕಿಲೋ ಅರಳೆಗೆ, 55 ಸಾವಿರ ರೂಪಾಯಿ ದರವಿದ್ದರೆ ಆ ಬೇಲಿನ ಬೆಲೆ 26 ಸಾವಿರ ಚಿಲ್ಲರೆ. ಅಲ್ಲಿಗೆ, ಒಂದು ಕಿಲೋ ಇಂಗಾಲಾನಿಲ ಬಿಟ್ಟು 750 ರೂಪಾಯಿಯಷ್ಟು ಮಾಲು ಹೊರಗೆ ಹೋಯಿತು.

ಇದೇ ಲೆಕ್ಕವನ್ನು ಉಕ್ಕಿಗೆ ಹಾಕಿ ನೋಡಿ. ಭಾರತದಲ್ಲಿ ಒಂದು ಟನ್ ಉಕ್ಕು ಮಾಡಲು ಸರಾಸರಿ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಸರಾಸರಿ ಎರಡು ಟನ್ನಿಗೂ ತುಸು ಕಡಿಮೆ. ಟನ್ನಿಗೆ 50 ಸಾವಿರ ರೂಪಾಯಿ ಬೆಲೆ ಹಿಡಿದರೆ ಒಂದು ಕಿಲೋ ಅನಿಲಕ್ಕೆ ಬರೀ 20 ರೂಪಾಯಿ ಮಾಲು. ನಮ್ಮ ಹತ್ತಿ 750, ಅವರ ಉಕ್ಕು 20.

ಅರ್ಥಶಾಸ್ತ್ರದವರು ಇದನ್ನು ಹೊರಸೂಸುವಿಕೆಯ ತೀವ್ರತೆ ಎಂದು ಕರೆಯುತ್ತಾರೆ. ಒಂದು ರೂಪಾಯಿ ಸಂಪತ್ತು ಹುಟ್ಟಿಸಲು ಎಷ್ಟು ಇಂಗಾಲ ಬಿಟ್ಟಿರಿ ಎಂಬ ಪ್ರಶ್ನೆ ಅದು. ನನ್ನ ಲೆಕ್ಕ ಒರಟು. ಬೇಲಿನ ಬೆಲೆಯಲ್ಲಿ ರೈತನ ಪಾಲೇ ಹೆಚ್ಚು, ಮಿಲ್ಲಿನದು ಅಲ್ಪ. ಹೊಲಕ್ಕೆ ಹಾಕಿದ ಯೂರಿಯಾದ ಲೆಕ್ಕವನ್ನು ನಾನು ಹಿಡಿದೇ ಇಲ್ಲ. ಆದರೂ ಯಾವ ಉದ್ಯಮ ಯಾವ ಕಡೆ ಎಂಬುದು ಕಾಣುತ್ತದೆ.

ಒಮ್ಮೆ ಈ ಲೆಕ್ಕವನ್ನು ನನ್ನ ತಮ್ಮನ ಮಗನಿಗೆ ಹೇಳಿದೆ. ಅವನು ತೋರಣಗಲ್ಲು ಕಡೆ ಗುತ್ತಿಗೆದಾರರ ಕೈಕೆಳಗೆ ಫಿಟ್ಟರ್. "ದೊಡ್ಡಪ್ಪಾ, ನಿಮ್ಮ ಜಿನ್ನಿನ ಶಾಫ್ಟು ಯಾತರದ್ದು? ಪ್ರೆಸ್ಸು ಯಾತರದ್ದು? ಬೇಲಿಗೆ ಬಿಗಿಯೋ ತಂತಿ ಯಾತರದ್ದು? ನಮ್ಮಲ್ಲಿ ಫರ್ನೇಸು ನಿಂತ್ರ ನಿಮ್ಮ ಮಿಲ್ಲು ಹೆಂಗ ನಡಿತೈತಿ ಹೇಳ್ರಿ" ಅಂದ. ಹುಡುಗನ ಮಾತು ಸರಿ. ಸ್ವಚ್ಛ ಎನ್ನಿಸಿಕೊಂಡ ಉದ್ಯಮಗಳು ಸ್ವಚ್ಛವಲ್ಲದ ಉದ್ಯಮಗಳ ಹೆಗಲ ಮೇಲೆಯೇ ಕೂತಿರುತ್ತವೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಚಿಮಣಿ ಇಲ್ಲ, ನಿಜ. ಅದರ ಕಟ್ಟಡದ ಕಂಬಿ ತೋರಣಗಲ್ಲಿನದಿರಬಹುದು, ಸಿಮೆಂಟು ವಾಡಿ, ಸೇಡಂ, ಮಳಖೇಡದ್ದಿರಬಹುದು, ಕರೆಂಟು ಶಕ್ತಿನಗರದ್ದಿರಬಹುದು. ಅನಿಲ ಅಲ್ಲಿಯ ಲೆಕ್ಕದಲ್ಲಿ, ಸಂಬಳ ಇಲ್ಲಿಯ ಲೆಕ್ಕದಲ್ಲಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ನಾವು ಹೊಗೆ ಎನ್ನುವುದು ಮತ್ತು ಭೂಮಿಯನ್ನು ಬಿಸಿ ಮಾಡುವ ಅನಿಲ ಒಂದೇ ಅಲ್ಲ. ಚಿಮಣಿಯಿಂದ ಕಪ್ಪಗೆ ಕಾಣುವುದು ಬೂದಿ, ಮಸಿ. ಪಕ್ಕದ ಅಗಲ ಗೋಪುರದಿಂದ ಬೆಳ್ಳಗೆ ಏಳುವುದು ನೀರಿನ ಆವಿ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ಥಾವರಗಳಲ್ಲಿ ವಿದ್ಯುತ್ ಕ್ಷೇತ್ರ ಬಳಸಿ ಬೂದಿಯನ್ನು ಹಿಡಿದು, ಆಮೇಲೆ ಸಿಮೆಂಟಿಗೂ ಇಟ್ಟಿಗೆಗೂ ಕಳಿಸುತ್ತಾರೆ. ಅದೇ ಯಂತ್ರಕ್ಕೆ ಅನಿಲ ಸಿಕ್ಕುವುದಿಲ್ಲ. ಶಕ್ತಿನಗರದ 210 ಮೆಗಾವಾಟ್‌ನ ಒಂದು ಘಟಕ ಪೂರ್ತಿ ಹೊರೆಯಲ್ಲಿ ಒಂದು ತಾಸು ಓಡಿದರೆ 2.1 ಲಕ್ಷ ಯೂನಿಟ್ ಕರೆಂಟು, ಜೊತೆಗೆ ಹೆಚ್ಚುಕಡಿಮೆ 200 ಟನ್ ಅನಿಲ. ಆಕಾಶ ತಿಳಿಯಾಗಿಯೇ ಕಾಣುತ್ತದೆ. ಚಿಮಣಿ ಬೆಳ್ಳಗಾಯಿತು, ಕಾರ್ಖಾನೆ ಸುಧಾರಿಸಿತು ಎಂದು ಹೇಳಿದರೆ ನಂಬುವ ಮೊದಲು ಇದನ್ನು ನೆನೆಯಬೇಕು.

ಉಕ್ಕಿನಲ್ಲಿ ಮತ್ತು ಸಿಮೆಂಟಿನಲ್ಲಿ ಕಷ್ಟ ಇನ್ನೂ ಆಳದ್ದು. ಸಂಡೂರಿನ ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಅಂಟಿಕೊಂಡ ಕಲ್ಲು. ಆ ಆಮ್ಲಜನಕವನ್ನು ಕಬ್ಬಿಣದಿಂದ ಬಿಡಿಸಲು ಇಂಗಾಲ ಬೇಕು. ಬ್ಲಾಸ್ಟ್ ಫರ್ನೇಸಿನಲ್ಲಿ ಕಲ್ಲಿದ್ದಲು ಬರೀ ಉರಿಯಲ್ಲ, ಅದಿರಿನ ಆಮ್ಲಜನಕವನ್ನು ಹೊತ್ತೊಯ್ಯುವ ಕೂಲಿಯೂ ಅದೇ. ಸಿಮೆಂಟಿನಲ್ಲಂತೂ ಸುಣ್ಣಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಗೂಡಿಗೆ ಯಾವ ಉರುವಲು ಹಾಕಿದರೂ ಅದು ತಪ್ಪದು. ಸಿಮೆಂಟ್ ಕಾರ್ಖಾನೆಯ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನದೇ. ಹೀಗಾಗಿ 'ಸೋಲಾರ್ ಹಾಕಿಸಿ, ಎಲ್ಲ ಸರಿಹೋಗುತ್ತದೆ' ಎಂಬ ಮಾತು ಹತ್ತಿ ಮಿಲ್ಲಿಗೆ ಸರಿ, ಉಕ್ಕಿಗೆ ಸಿಮೆಂಟಿಗೆ ಸಾಲದು. ಅಲ್ಲಿ ಇಂಗಾಲದ ಬದಲು ಜಲಜನಕ ಬಳಸುವುದು, ಗುಜರಿ ಉಕ್ಕನ್ನು ಮತ್ತೆ ಕರಗಿಸುವುದು, ಸಿಮೆಂಟಿಗೆ ಹಾರುಬೂದಿ ಬೆರೆಸಿ ಸುಟ್ಟ ಕಲ್ಲಿನ ಪಾಲು ಕಡಿಮೆ ಮಾಡುವುದು, ಇವೇ ದಾರಿಗಳು. ಕೊನೆಯದು ಈಗಲೇ ಸಾಮಾನ್ಯ. ಮೊದಲನೆಯದು ದುಬಾರಿ.

ತೋರಣಗಲ್ಲಿನ ಕಥೆಯನ್ನೂ ಸ್ವಲ್ಪ ಹೇಳಬೇಕು. 1971ರಲ್ಲಿ ಇಂದಿರಾ ಗಾಂಧಿ ಅಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲಿಟ್ಟರು. ಸರ್ಕಾರಿ ಕಾರ್ಖಾನೆ ಮೇಲೇಳಲಿಲ್ಲ, ವರ್ಷಗಟ್ಟಲೆ ಕಲ್ಲು ಕಲ್ಲಾಗಿಯೇ ಉಳಿಯಿತು. 1990ರ ದಶಕದಲ್ಲಿ ಜಿಂದಾಲರ ಖಾಸಗಿ ಕಾರ್ಖಾನೆ ಬಂತು. ಇಂದು ಅದರ ಸಾಮರ್ಥ್ಯ ವರ್ಷಕ್ಕೆ 1.2 ಕೋಟಿ ಟನ್ನನ್ನೂ ಮೀರಿದೆ. 1.2 ಕೋಟಿ ಟನ್ನನ್ನೇ ಹಿಡಿದು, ದೇಶದ ಸರಾಸರಿಯಿಂದ ಗುಣಿಸಿದರೆ ವರ್ಷಕ್ಕೆ 3 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಬೀಳುತ್ತದೆ ಎಂಬುದನ್ನು ಇದರ ಪಕ್ಕ ಇಟ್ಟರೆ, ಒಂದೂವರೆ ಕೋಟಿ ಜನರ ಪಾಲು ಅದು. ಹಾಗೆಂದು ಆ ಕಾರ್ಖಾನೆ ಬರಬಾರದಿತ್ತು ಎನ್ನುವ ಧೈರ್ಯ ನನಗಿಲ್ಲ. ಅದರಿಂದ ಹೊಟ್ಟೆ ಹೊರೆದುಕೊಂಡ ಮನೆಗಳಲ್ಲಿ ನನ್ನ ತಮ್ಮನದೂ ಒಂದು.

ಬೆಳವಣಿಗೆಗೂ ಇಂಗಾಲಕ್ಕೂ ಎಷ್ಟು ಗಟ್ಟಿಯಾದ ಗಂಟು ಬಿದ್ದಿದೆ ಎಂಬುದನ್ನು 2020 ತೋರಿಸಿಕೊಟ್ಟಿತು. ಮಾರ್ಚ್ 25ರಿಂದ ಲಾಕ್‌ಡೌನ್. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ. 24ರಷ್ಟು ಕುಸಿಯಿತೆಂದು ಸರ್ಕಾರವೇ ಆಗ ಹೇಳಿತು. ಇಂಗಾಲದ ಅನಿಲವೂ ಧಡಕ್ಕನೆ ಇಳಿಯಿತು. ಪತ್ರಿಕೆಗಳಲ್ಲಿ ನೀಲಿ ಆಕಾಶದ ಫೋಟೋಗಳು ಬಂದವು. ನಮ್ಮ ಸೀಮೆಯಲ್ಲಿ ಅದೇ ದಿನಗಳು ಹೇಗಿದ್ದವು? ಕೋಸಿಗಿ, ಕೌತಾಳಂ, ಮಂತ್ರಾಲಯದ ಹಳ್ಳಿಗಳಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಸುಗ್ಗಿಗೆ ಹೋದವರು ಹೊಲಗಳಲ್ಲೇ ಸಿಕ್ಕಿಕೊಂಡರು. ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದವರು ಕೂಲಿ ಇಲ್ಲದೆ ಕೂತರು. ಬೆಳವಣಿಗೆ ನಿಲ್ಲಿಸಿ ಅನಿಲ ಇಳಿಸುವುದು ಸಾಧ್ಯ, ಅದನ್ನು ಮಾಡಿಯೂ ನೋಡಿದ್ದೇವೆ. ಅದರ ಬೆಲೆ ಯಾರು ತೆತ್ತರು ಎಂಬುದನ್ನು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮುಂದಿನ ವರ್ಷ ಕೆಲಸ ಮರಳಿತು, ಅನಿಲವೂ ಅದರ ಹಿಂದೆಯೇ ಮರಳಿತು.

ಹಾಗಾದರೆ ಈ ಗಂಟು ಬಿಚ್ಚುವಂಥದ್ದೇ ಅಲ್ಲವೆ? ಬಿಚ್ಚಿದವರಿದ್ದಾರೆ. ಬ್ರಿಟನ್ನೇ ನೋಡಿ. ಜಗತ್ತಿಗೆ ಕಲ್ಲಿದ್ದಲಿನ ಚಟ ಹತ್ತಿಸಿದ ದೇಶ ಅದು, 1882ರಲ್ಲೇ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ಕರೆಂಟು ಮಾಡಿ ಮಾರಿತು. 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಿತು. 1990ರಿಂದ ಈಚೆಗೆ ಅಲ್ಲಿನ ಆರ್ಥಿಕತೆ ಶೇ. 70–80ರಷ್ಟು ಹಿಗ್ಗಿದೆ, ಹೊರಸೂಸುವಿಕೆ ಮಾತ್ರ ಅರ್ಧಕ್ಕೆ ಇಳಿದಿದೆ. ಇದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅವರು ಮುಚ್ಚಿದ ಎಷ್ಟೋ ಕಾರ್ಖಾನೆಗಳ ಕೆಲಸ ಚೀನಾಕ್ಕೆ, ನಮ್ಮಂಥವರ ಕಡೆಗೆ ಬಂತು. ಅವರು ತೊಡುವ ಬಟ್ಟೆ, ಬಳಸುವ ಉಕ್ಕು ಈಗ ಬೇರೆಯವರ ಅನಿಲದಲ್ಲಿ ತಯಾರಾಗುತ್ತದೆ. ಆಮದು ಮಾಲಿನ ಅನಿಲವನ್ನೂ ಅವರ ಖಾತೆಗೇ ಬರೆದರೂ ಇಳಿಕೆ ಇದ್ದೇ ಇದೆ, ಆದರೆ ಅಷ್ಟು ದೊಡ್ಡದಲ್ಲ.

ನಮ್ಮ ದೇಶದ ಲೆಕ್ಕದಲ್ಲೂ ಹೀಗೆ ಎರಡು ಸಂಖ್ಯೆಗಳಿವೆ, ಸಭೆಗಳಲ್ಲಿ ಒಂದನ್ನೇ ಹೇಳುತ್ತಾರೆ. 2005ರಿಂದ 2020ರ ನಡುವೆ ಜಿಡಿಪಿಯ ಪ್ರತಿ ರೂಪಾಯಿಗೆ ಬೀಳುವ ಅನಿಲವನ್ನು ಭಾರತ ಶೇ. 36ರಷ್ಟು ತಗ್ಗಿಸಿತು. 2030ಕ್ಕೆ ಶೇ. 45ರಷ್ಟು ತಗ್ಗಿಸುತ್ತೇವೆಂದು ಜಗತ್ತಿಗೆ ಮಾತು ಕೊಟ್ಟಿದೆ. ಒಳ್ಳೆಯ ಸುದ್ದಿ. ಇನ್ನೊಂದು ಸಂಖ್ಯೆ ಏನೆಂದರೆ 2005ರಿಂದ ಈಚೆಗೆ ನಮ್ಮ ಒಟ್ಟು ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಿಗೂ ಹೆಚ್ಚಾಗಿ ವರ್ಷಕ್ಕೆ 300 ಕೋಟಿ ಟನ್ನಿನ ಹತ್ತಿರ ಬಂದಿದೆ. ಚೀನಾ, ಅಮೆರಿಕದ ನಂತರ ನಾವೇ. ಎರಡೂ ಸಂಖ್ಯೆ ಒಟ್ಟಿಗೇ ನಿಜವಾಗುವುದು ಹೇಗೆಂದು ಕೇಳಿದರೆ, ಜಿನ್ನಿಂಗ್ ಮಿಲ್ಲಿನಲ್ಲಿ ಬೇಲಿಗೆ 60 ಯೂನಿಟ್ಟಿನ ಬದಲು 50 ಯೂನಿಟ್ ಸಾಕಾಗುವಂತೆ ಮಾಡಿ, ಬೇಲುಗಳನ್ನು ಎರಡು ಪಟ್ಟು ಕಟ್ಟಿದರೆ ಬಿಲ್ಲು ಏರುತ್ತದೆಯೋ ಇಳಿಯುತ್ತದೆಯೋ, ನೋಡಿಕೊಳ್ಳಿ. ಆಕಾಶಕ್ಕೆ ಶೇಕಡಾವಾರು ಗೊತ್ತಾಗುವುದಿಲ್ಲ, ಟನ್ನು ಗೊತ್ತಾಗುತ್ತದೆ.

ಜಪಾನಿನ ಯೋಯಿಚಿ ಕಾಯಾ ಎಂಬ ವಿದ್ವಾಂಸರು ಇದನ್ನೇ ಒಂದು ಸಣ್ಣ ಸೂತ್ರವಾಗಿ ಕಟ್ಟಿದರು. ಜನ ಎಷ್ಟು, ತಲೆಗೆ ಆದಾಯ ಎಷ್ಟು, ಒಂದು ರೂಪಾಯಿ ಆದಾಯಕ್ಕೆ ಶಕ್ತಿ ಎಷ್ಟು ಬೇಕು, ಒಂದು ಅಳತೆ ಶಕ್ತಿಯಲ್ಲಿ ಇಂಗಾಲ ಎಷ್ಟು. ನಾಲ್ಕನ್ನೂ ಗುಣಿಸಿದರೆ ಒಟ್ಟು ಅನಿಲ. ಮೊದಲ ಎರಡನ್ನು ತಗ್ಗಿಸಿ ಎಂದು ಆದೋನಿಯ ಹಮಾಲಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಅಮೆರಿಕದವನು ತಲೆಗೆ 14 ಟನ್ ಬಿಡುವಾಗ ನಮ್ಮವನ ಪಾಲಿಗೆ 2 ಟನ್. ಕೋಸಿಗಿಯ ಕೂಲಿಗೆ ಅದೂ ಬರಲಿಕ್ಕಿಲ್ಲ. ಉಳಿದಿರುವುದು ಕೊನೆಯ ಎರಡು, ಅಂದರೆ ಯಂತ್ರ ಮತ್ತು ಉರುವಲು. ಬೆಳೆಯಬೇಕೋ ಬೇಡವೋ ಎಂಬ ಜಗಳ ನನಗೆ ಹುಸಿ ಅನ್ನಿಸುವುದು ಇದಕ್ಕೇ. ಯಾವ ಯಂತ್ರದಿಂದ, ಯಾವ ಉರುವಲಿನಿಂದ, ಯಾರ ಊರಿನಲ್ಲಿ ಎಂಬುದು ಅಸಲಿ ಜಗಳ.

ಆ ಜಗಳ ಈಗ ಮಾರುಕಟ್ಟೆಗೂ ಬಂದಿದೆ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಿಂದ ಉಕ್ಕು, ಅಲ್ಯುಮಿನಿಯಂ, ಸಿಮೆಂಟು, ಗೊಬ್ಬರ ಮುಂತಾದ ಆಮದು ಮಾಲಿನ ಇಂಗಾಲದ ಲೆಕ್ಕ ಕೇಳತೊಡಗಿತು. 2026ರ ಜನವರಿ 1ರಿಂದ ಆ ಲೆಕ್ಕಕ್ಕೆ ದುಡ್ಡು ತೆರುವ ಹಂತ ಶುರು. ನಮ್ಮ ಉಕ್ಕು ಜಗತ್ತಿನ ಸರಾಸರಿಗಿಂತ ಹೆಚ್ಚು ಇಂಗಾಲ ಹೊತ್ತಿರುವುದರಿಂದ ಹೊಡೆತ ಬೀಳುವುದು ನಮಗೇ. ಇದು ಅನ್ಯಾಯ ಎಂದು ಭಾರತ ವಾದಿಸುತ್ತಿದೆ, ನ್ಯಾಯವಾದ ವಾದವೇ. ಇನ್ನೂರು ವರ್ಷ ಬೇಕಾದಷ್ಟು ಸುಟ್ಟವರು ಈಗ ಸುಂಕದ ಕಟ್ಟೆ ಕಟ್ಟಿ ಕೂತಿದ್ದಾರೆ. ಆದರೆ ವಾದ ನ್ಯಾಯವಾದ ಮಾತ್ರಕ್ಕೆ ಮಾಲು ಖರ್ಚಾಗುವುದಿಲ್ಲ. ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಅನಿಲ ಬಿಟ್ಟ ಉಕ್ಕಿಗೆ ಮಾತ್ರ ಹಸಿರು ಉಕ್ಕು ಎಂಬ ದರ್ಜೆ ಕೊಡುವ ಪದ್ಧತಿ ತಂದಿತು. ಕಾರ್ಖಾನೆಗಳ ನಡುವೆ ಇಂಗಾಲದ ಕೊಡುಕೊಳ್ಳುವಿಕೆಯ ವ್ಯವಸ್ಥೆಗೆ 2023ರಲ್ಲೇ ಅಧಿಸೂಚನೆ ಬಂದಿತ್ತು.

ಇನ್ನು ನಮ್ಮ ಮೂಡಣದ ಸೋಲಾರ್ ಪಾರ್ಕು. ಕರ್ನೂಲಿನ ಸಾವಿರ ಮೆಗಾವಾಟ್ 2017ರಲ್ಲಿ ಪೂರ್ತಿಯಾದಾಗ ಒಂದೇ ಜಾಗದಲ್ಲಿ ಅಷ್ಟು ದೊಡ್ಡದು ಜಗತ್ತಿನಲ್ಲೇ ಅಪರೂಪವಾಗಿತ್ತು. ಅದೇ ಸೀಮೆಯ ಪಿನ್ನಾಪುರಂನಲ್ಲಿ ಬಿಸಿಲಿದ್ದಾಗ ನೀರನ್ನು ಮೇಲಿನ ಕೆರೆಗೆ ಎತ್ತಿ, ಸಂಜೆ ಕೆಳಗಿಳಿಸಿ ಕರೆಂಟು ತೆಗೆಯುವ 1680 ಮೆಗಾವಾಟ್‌ನ ಯೋಜನೆಗೆ 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಸೂರ್ಯ ಮುಳುಗಿದ ಮೇಲೆ ಏನು ಎಂಬ ಹಳೆಯ ಪ್ರಶ್ನೆಗೆ ಅದೊಂದು ಉತ್ತರ. 2025ರ ಜೂನ್ ಹೊತ್ತಿಗೆ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು, ನೈಸರ್ಗಿಕ ಅನಿಲಗಳಿಲ್ಲದ ಮೂಲಗಳದ್ದಾಯಿತು. ಇಲ್ಲೂ ಎರಡನೆಯ ಸಂಖ್ಯೆ ಕೇಳಿ. ಸಾಮರ್ಥ್ಯ ಅರ್ಧ, ಆದರೆ ನಿಜವಾಗಿ ಉರಿಯುವ ಕರೆಂಟಿನಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನದೇ.

ಬಿಸಿಲಿನ ಕರೆಂಟಿನಿಂದ ಊರಿಗೆ ಎಷ್ಟು ಬಂತು ಎಂಬುದೂ ಬೆಳವಣಿಗೆಯ ಲೆಕ್ಕವೇ. ಹಲಗೆ ಕೂಡಿಸುವಾಗ ಕೈಗಳು ಬೇಕು, ಕೂಡಿಸಿದ ಮೇಲೆ ಧೂಳು ಒರೆಸುವವರು, ಹುಲ್ಲು ಕೀಳುವವರು, ಕಾವಲುಗಾರರು ಇದ್ದರೆ ಮುಗಿಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಸುಮಾರು 13 ಸಾವಿರ ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಡುವ ಭೂಮಿಗೆ ಅದು ಖಾತ್ರಿ ಆದಾಯ. ಆದರೆ ಅಲ್ಲಿಯೂ ಭೂಮಿ ಇದ್ದವನಿಗೆ ಬಾಡಿಗೆ ಬಂತು, ಅದೇ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನೂ ಬರಲಿಲ್ಲ. ನಮ್ಮ ಕಡೆ ಸುಗ್ಗಿಗೆ ಹೋಗುವವರಲ್ಲಿ ಹೆಚ್ಚಿನವರು ಆ ಎರಡನೆಯ ಸಾಲಿನವರು.

ಅದಕ್ಕೇ ನನ್ನ ಮಾತು ಜಿನ್ನಿಂಗ್ ಮಿಲ್ಲಿಗೇ ಮರಳುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಗಡಿ ಬದಲಾಯಿತು, ಎರೆಮಣ್ಣು ಬದಲಾಗಲಿಲ್ಲ, ಹತ್ತಿಯೂ ಬದಲಾಗಲಿಲ್ಲ. ಇಂದಿಗೂ ಆದೋನಿಯಿಂದ ಬೇಲುಗಳು ಲಾರಿ ಹತ್ತಿ ತಮಿಳುನಾಡಿನ ಮಿಲ್ಲುಗಳಿಗೆ ಹೋಗುತ್ತವೆ, ಅಲ್ಲಿ ನೂಲಾಗಿ, ಬಟ್ಟೆಯಾಗಿ, ನಮ್ಮ ಸಂತೆಗೇ ಬರುತ್ತವೆ. ಬೇಲು ಕಟ್ಟುವುದರಲ್ಲಿ ಹುಟ್ಟುವ ಕೆಲಸ ಸ್ವಲ್ಪ, ಅದೂ ಸೀಜನ್ ಇರುವಷ್ಟು ದಿನ. ನೂಲು, ನೇಯ್ಗೆ, ಹೊಲಿಗೆಯಲ್ಲಿ ಹುಟ್ಟುವ ಕೆಲಸ ಅದರ ಹಲವು ಪಟ್ಟು, ವರ್ಷವಿಡೀ. ಅದಕ್ಕೆ ಕರೆಂಟು ಹೆಚ್ಚು ಬೇಕು, ನಿಜ. ಆದರೆ ಉಕ್ಕಿನಂತೆ ಅದಕ್ಕೆ ಇಂಗಾಲವೇ ಬೇಕೆಂಬ ಹಠವಿಲ್ಲ, ಬಿಸಿಲಿನ ಕರೆಂಟು ಧಾರಾಳವಾಗಿ ನಡೆಯುತ್ತದೆ. ಹತ್ತಿ ಬರುವ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮೋಡ ಕಮ್ಮಿ. ಮಿಲ್ಲುಗಳ ಗೋದಾಮಿನ ತಗಡಿನ ಮಾಡುಗಳು ಎಕರೆಗಟ್ಟಲೆ ಬಿಸಿಲಲ್ಲಿ ಸುಮ್ಮನೆ ಕಾಯುತ್ತಿವೆ. ಹಗಲು ಆ ಮಾಡಿನ ಮೇಲಿನ ಕರೆಂಟು ಸಾಲದಿದ್ದರೆ ನೂರು ಕಿಲೋಮೀಟರಿನಾಚೆ ಸಾವಿರ ಮೆಗಾವಾಟ್ ಇದೆ. ತಲೆಗೆ ಅನಿಲ ಏರಿಸದೆ ತಲೆಗೆ ಆದಾಯ ಏರಿಸುವ ಜಾಗ ಎಲ್ಲಾದರೂ ಇದ್ದರೆ ಅದು ಇಂಥ ಉದ್ಯಮದಲ್ಲೇ.

ಆದೋನಿ, ಮಂತ್ರಾಲಯ, ಆಲೂರು ಕ್ಷೇತ್ರಗಳ ಶಾಸಕರಲ್ಲಿ, ಪಕ್ಷ ಯಾವುದೇ ಇರಲಿ, ನನ್ನ ಅರಿಕೆ ಇಷ್ಟೆ. ಬಿಸಿಲಿನ ಕರೆಂಟನ್ನು ಹೊರಗೆ ಕಳಿಸುವ ತಂತಿ ಎಳೆದಷ್ಟೇ ಆಸ್ಥೆಯಿಂದ ಆ ಕರೆಂಟಿನ ಮೇಲೆ ನಡೆಯುವ ನೂಲಿನ ಗಿರಣಿ, ಹೊಲಿಗೆ ಘಟಕಗಳನ್ನು ಪಶ್ಚಿಮ ಕರ್ನೂಲಿಗೆ ತರಿಸಿ. ಜಿನ್ನಿಂಗ್ ಮಿಲ್ಲುಗಳ ಮಾಡಿಗೆ ಸೋಲಾರ್ ಹಾಕಲು ಸಣ್ಣ ಮಾಲೀಕನಿಗೆ ನಿಲುಕುವ ಬಡ್ಡಿಯಲ್ಲಿ ಸಾಲ ಕೊಡಿಸಿ. ಓದುಗರಲ್ಲೂ ಒಂದು ಅರಿಕೆ. ಮುಂದೆ ಯಾರಾದರೂ ನಿಮ್ಮೂರಿಗೆ ಬಂದು ಇಷ್ಟು ಸಾವಿರ ಕೋಟಿ ಬಂಡವಾಳ ತಂದೆವು ಎಂದರೆ, ಅದರಿಂದ ವರ್ಷಕ್ಕೆ ಎಷ್ಟು ಟನ್ ಅನಿಲ, ನಮ್ಮ ಮಂಡಲದ ಎಷ್ಟು ಜನಕ್ಕೆ ವರ್ಷಪೂರ್ತಿ ಸಂಬಳ ಎಂದು ಎರಡನ್ನೂ ಒಟ್ಟಿಗೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.